ಆಣೆಯ ಕಂಬಳಿ

ಗುತ್ಯಪ್ಪ ಹೊಸ ಕರಿ ಕಂಬಳಿಯನ್ನು ಕೊಡವಿ ಬೀರಪ್ಪನ ಗುಡಿಯ ಮುಂದೆ ಹಾಸಿದ. ನಾಲ್ಕು ಮೂಲೆಗೂ ದೇವರ ಭಂಡಾರದ ಅರಿಶಿನ ಇಟ್ಟ. ಮಗ ಹುಲಿಯಪ್ಪ ಕೈಕಟ್ಟಿಕೊಂಡು ದೂರ ನಿಂತಿದ್ದ. ಉಣ್ಣೆ ಅವರ ಕುರಿಗಳದ್ದೇ. ಅವ್ವ ನೂತಿದ್ದಳು, ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ನೇಯ್ದವನು ಹುಲಿಯಪ್ಪ. ಒಂದೊಂದು ಎಳೆಗೂ ಅಪ್ಪನನ್ನು ಬೈದುಕೊಂಡೇ ನೇಯ್ದಿದ್ದ.

ಊರ ಗೋಮಾಳಕ್ಕೆ ಮಹೇಶ್ವರಪ್ಪ ಗೌಡರು ಬೇಲಿ ಬಿಗಿದು ನೇಗಿಲು ಹೂಡಿದ್ದರು. ಇವರ ಕುರಿಗಳಿಗೆ ಇದ್ದ ಮೇವಿನ ಜಾಗ ಅದೊಂದೇ. ಶಿಕಾರಿಪುರಕ್ಕೆ ಹೋಗಿ ಅಮಲ್ದಾರರಿಗೆ ಅರ್ಜಿ ಕೊಡೋಣವೆಂದು ಹುಲಿಯಪ್ಪ ಬಡಕೊಂಡ. ಅಪ್ಪ ಕೇಳಲಿಲ್ಲ. ಕಂಬಳಿ ಮೇಲೆ ಕೂತವನ ಬಾಯಲ್ಲಿ ಸುಳ್ಳು ಬರೋದಿಲ್ಲ, ಗೌಡರು ಕೂತು ಹೇಳಲಿ, ಅವರು ಹೇಳಿದ್ದಕ್ಕೆ ನಾನು ಬದ್ಧ ಎಂದು ಊರೆದುರು ಮಾತು ಕೊಟ್ಟು ಬಂದಿದ್ದ. ಅವನ ಕುಲದಲ್ಲಿ ಯಾರೂ ಹಾಗೆ ಕೂತು ಸುಳ್ಳಾಡಿದವರಿಲ್ಲ. ಲೋಕವೂ ಹಾಗೇ ಇದೆ ಎಂದುಕೊಂಡಿದ್ದ, ಅಷ್ಟೆ.

ಗೌಡರು ಬಂದು ಜೋಡು ಬಿಟ್ಟರು. ಕಂಬಳಿಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದರು.

“ಬಿಗಿಯಾಗೈತಲ್ಲೋ ಗುತ್ಯಾ. ಯಾರು ನೇಯ್ದಿದ್ದು?”

“ನನ್ ಮಗ ರೀ.”

ತಲೆದೂಗಿ, ಕಾಲು ಮಡಿಸಿ ಕೂತರು. ಭಂಡಾರ ಹಣೆಗಿಟ್ಟುಕೊಂಡರು. ಅದು ತಮ್ಮ ಅಜ್ಜನ ಕಾಲದಿಂದ ಉತ್ತ ಹೊಲ, ಅಲ್ಲಿ ಕುರಿ ಮೇದದ್ದನ್ನು ತಾವು ಕಂಡೇ ಇಲ್ಲ ಎಂದರು. ಊಟ ಆಯಿತು ಅನ್ನುವಷ್ಟು ಸಲೀಸಾಗಿ. ಸುತ್ತ ಕೂತ ಹಿರಿಯರು ನೆಲ ನೋಡಿದರು. ಅವರಲ್ಲಿ ಅರ್ಧ ಜನ ಚಿಕ್ಕಂದಿನಲ್ಲಿ ಅದೇ ಗೋಮಾಳದಲ್ಲಿ ದನ ಕಾದವರು.

ಗುತ್ಯಪ್ಪ ಬಾಯಿ ತೆರೆದುಕೊಂಡು ಕಾದ. ಗೌಡರ ನಾಲಗೆ ತೊದಲೀತು, ಹೋಗಲಿ, ಒಂದು ಕೆಮ್ಮಾದರೂ ಬಂದೀತು. ಗೌಡರು ಎದ್ದು, ಪಂಚೆಗೆ ಅಂಟಿದ ಉಣ್ಣೆ ಕೊಡವಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಮಳೆ ಹಿಡಿಯೋದರೊಳಗೆ ತಮಗೂ ಇಂಥದೊಂದು ನೇಯ್ದು ಕೊಡು ಎಂದು ಹುಲಿಯಪ್ಪನಿಗೆ ಹೇಳಿದರು.

“ಉಣ್ಣೆ ಎಲ್ಲಿಂದ ತರ್ಲಿ ರೀ? ಕುರಿ ಇನ್ನೇನು ಮಣ್ಣು ತಿಂತಾವಾ?”

ಗೌಡರು ಜೋಡು ಮೆಟ್ಟಿ ನಡೆದರು. ಹಿರಿಯರೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಗುತ್ಯಪ್ಪ ಕಂಬಳಿಯ ಪಕ್ಕ ಕುಕ್ಕರಿಸಿದ. ಅದನ್ನು ಮುಟ್ಟಲಿಲ್ಲ. ಮಗನ ಕಡೆ ತಿರುಗಿದ.

“ನೀ ಸ್ನಾನ ಮಾಡ್ದೆ ಮಗ್ಗಕ್ಕೆ ಕೂತಿದ್ಯೇನೋ?”

ಹುಲಿಯಪ್ಪ ಕಂಬಳಿ ಮಡಚಲು ಬಗ್ಗಿ ಕೈಯಿಟ್ಟ. ಗೌಡರು ಕೂತ ಜಾಗ ಇನ್ನೂ ಬೆಚ್ಚಗಿತ್ತು.