ಪಾಚಿಯ ಪಾಲು

ಆ ದ್ವೀಪದಲ್ಲಿ ಐರಿಷ್ ಮಾತು ನಿಂತರೆ ಕಡಲು ಮೇಲೇರುತ್ತದೆ. ಒಬ್ಬರೇ ಗೊಣಗಿದರೆ ಸಾಲದು, ಎದುರು ಮಾತಾಡುವವರೂ ಬೇಕು. ಅಲ್ಲಿರುವ ಇಪ್ಪತ್ತೊಂದು ಜನಕ್ಕೆ ಇದು ಒಲೆ ಹಚ್ಚಿದಷ್ಟೇ ಮಾಮೂಲು.

ಶನಿವಾರ ಹತ್ತೊಂಬತ್ತು ಜನ ಮದುವೆಗೆಂದು ಆಚೆ ದಡಕ್ಕೆ ಹೋದರು. ಉಳಿದವರು ಮುದುಕಿ ಸೋರಹಾ ಮತ್ತು ಅವಳ ನೆರೆಮನೆಯ ಬ್ರೀಜ್. ಆಲೂಗಡ್ಡೆ ಹೊಲಕ್ಕೆ ಗೊಬ್ಬರವಾಗಿ ಹಾಕುವ ಕಡಲಪಾಚಿಯನ್ನು ಚೀಟಿ ಎತ್ತಿ ಪಾಲು ಮಾಡಿದ ಮೇಲೆ ಜಗಳವಾಡಿ, ಇಬ್ಬರೂ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ಹೊರಡುವ ಗಡಿಬಿಡಿಯಲ್ಲಿ ಅದು ಯಾರಿಗೂ ನೆನಪಾಗಲಿಲ್ಲ.

ಮಧ್ಯಾಹ್ನಕ್ಕೆ ನೀರು ದೋಣಿಕಟ್ಟೆ ದಾಟಿತು. ಮೂರು ಗಂಟೆಗೆ ಸೋರಹಾಳ ಕೋಳಿಗೂಡು ತೇಲಿತು. ಆಗ ಬ್ರೀಜ್ ಲಂಗ ಎತ್ತಿ ಹಿಡಿದು, ನೀರಲ್ಲೇ ನಡೆದು ಬಂದು ಬಾಗಿಲಲ್ಲಿ ನಿಂತಳು.

"ಆ ಪಾಚಿ ನಂದೇ ಆಗಿತ್ತು ಕಣೇ."

"ನಿಂದಾ? ಚೀಟಿ ಎತ್ತಿದಾಗ ಬಾಯಿ ಮುಚ್ಕೊಂಡು ನಿಂತಿದ್ಯಲ್ಲ!" ಸೋರಹಾ ಸಿಡುಕಿದಳು.

"ಎರಡು ಹೊರೆ ಕದ್ದವಳು ನೀನು!"

"ಎರಡಲ್ಲ, ಒಂದೂವರೆ!"

ಸಂಜೆಯ ಹೊತ್ತಿಗೆ ನೀರು ಅಂಗಳ ಬಿಟ್ಟು ಇಳಿದಿತ್ತು. ಬ್ರೀಜ್ ಹೊರಡಲು ಎದ್ದಳು. ಸೋರಹಾ ಅವಳ ಲೋಟಕ್ಕೆ ಮತ್ತೆ ಚಹಾ ಬಗ್ಗಿಸಿದಳು.

"ಜನ ಬರೋದು ನಾಳೆ. ಕೂತ್ಕೋ. ನಿನ್ನ ಕುರಿ ನನ್ನ ಗೋಡೆ ಕೆಡವಿದ ವಿಷಯ ಇನ್ನೂ ಮಾತಾಡೇ ಇಲ್ಲ."