ಬೆನ್ನಿನ ಮಣ್ಣು

ಕುಸ್ತಿಯ ಫಲಿತಾಂಶವನ್ನು ಊರಿನ ಭವಿಷ್ಯ ಹೇಳುವ ಯಂತ್ರ ಎಂದಿನಂತೆ ಬೆಳಿಗ್ಗೆಯೇ ಹೇಳಿಬಿಟ್ಟಿತ್ತು. ಹನ್ನೊಂದು ವರ್ಷಗಳಲ್ಲಿ ಅದರ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಕಳೆದ ಸಲ ಅದು ಹೇಳಿದಂತೆಯೇ ಸೋತು ಬೆಳ್ಳಿಗದೆ ಕಳೆದುಕೊಂಡಿದ್ದ ದುಂಡಪ್ಪನಿಗೆ ಇಂದು ಮರುಪಂದ್ಯ. ಈ ಸಲ ಅವನು ಫಲಿತಾಂಶ ಕೇಳಲೇ ಇಲ್ಲ. ತನ್ನೆದುರು ಆ ಸುದ್ದಿ ಎತ್ತುವುದಿಲ್ಲವೆಂದು ಉಸ್ತಾದ್ ಮೌಲಾಸಾಬರಿಂದ ಭಾಷೆ ತೆಗೆದುಕೊಂಡು, ಅದನ್ನು ತೋರಿಸುವ ಊರಿನ ಫಲಕಗಳತ್ತ ತಲೆಯೆತ್ತದೆ ಕಣಕ್ಕೆ ಬಂದಿದ್ದ.

ಕೆಮ್ಮಣ್ಣಿನಲ್ಲಿ ಹೊರಳಾಡಿ ಮೈ ಬಿಸಿ ಮಾಡಿಕೊಂಡವನು ಉಸ್ತಾದರಿಗೆ ಬೆನ್ನೊಡ್ಡಿ ನಿಂತ. ಪಂದ್ಯದಲ್ಲಿ ಬೆನ್ನಿಗೆ ಮಣ್ಣು ಹತ್ತಿದರೆ ಸೋಲು. ಅದಕ್ಕೇ ಪ್ರತಿ ಕುಸ್ತಿಗೂ ಮುನ್ನ ಅವರು ಅವನ ಬೆನ್ನನ್ನು ಟವೆಲಿನಿಂದ ಚೊಕ್ಕಟವಾಗಿ ಒರೆಸಿ ಕಳಿಸುತ್ತಿದ್ದರು.

“ಉಸ್ತಾದ್, ಬೆನ್ನು ಒರಸ್ರಿ.”

ಮೌಲಾಸಾಬರು ಹೆಗಲ ಮೇಲಿನ ಟವೆಲು ತೆಗೆಯಲಿಲ್ಲ.

“ಹೋಗಿ ಬಾ, ಮಗಾ,” ಎಂದರು. “ಬಂದ ಮ್ಯಾಲೆ ಒಮ್ಮೆಲೇ ಒರಸ್ತೀನಿ.”