ಹನ್ನೊಂದನೆಯ ನಿಮಿಷ

ಶ್ರೀಯಾಳ ಚಪ್ಪಲಿಯ ಸದ್ದು ಲಿಫ್ಟಿನವರೆಗೆ ಹೋಗಿ ಅಡಗಿದ್ದೇ ತಡ, ದೇವಕಿ ಮಗಳ ಲ್ಯಾಪ್‌ಟಾಪ್ ತೆರೆದಳು. ಗಂಟೆ ನಾಲ್ಕೂ ಹತ್ತು. ಅರ್ಜಿ ಹಾಕಲು ಐದರವರೆಗೆ ಮಾತ್ರ ಸಮಯ.

ಕೆಳಗಿನ ಮಾಮಕ್ ತಿಂಡಿ ಅಂಗಡಿಯ ಮುಂದೆ ಅಂತರ ಬಿಟ್ಟು ನಿಂತು, ಮೀ ಗೊರೆಂಗ್ ನೂಡಲ್ಸ್ ಪಾರ್ಸೆಲ್ ಕಟ್ಟಿಸಿಕೊಂಡು, ಹದಿನಾಲ್ಕನೆಯ ಮಹಡಿಗೆ ವಾಪಸಾಗಲು ಅರ್ಧ ಗಂಟೆಯಾದರೂ ಬೇಕು. ಲಾಕ್‌ಡೌನ್ ಶುರುವಾದಂದಿನಿಂದ ಮಲೇಷ್ಯಾದ ಈ ಪೆಟಾಲಿಂಗ್ ಜಯಾ ಊರಿನಲ್ಲಿ ಸಾಮಾನು ತರಲು ಮನೆಗೊಬ್ಬರೇ ಹೊರಗೆ ಹೋಗಬೇಕು. ಆ ನಿಯಮ ಮೊದಲ ಸಲ ಉಪಕಾರಕ್ಕೆ ಬಂದಿತ್ತು. "ಇವತ್ತು ನೀನೇ ಹೋಗಿ ಬಾ" ಎಂದು ಮಗಳನ್ನು ಅಟ್ಟಿದವಳು ದೇವಕಿಯೇ.

ಪಾಸ್‌ವರ್ಡ್ ಹಾಕುವಾಗ ಸಿಟ್ಟಿನಲ್ಲಿ ಕೀಲಿಗಳನ್ನು ಕುಟ್ಟಿದಳು.

ಹತ್ತು ದಿನದ ಹಿಂದಿನವರೆಗೆ ಎಲ್ಲ ಸರಿಯಿತ್ತು. ನಿಲಾಯ್‌ನ ಯೂನಿವರ್ಸಿಟಿಯಲ್ಲಿ ಶ್ರೀಯಾಳಿಗೆ ಸೀಟು ಸಿಕ್ಕಿತ್ತು. ಅದರೊಳಗಿನ ಆನರ್ಸ್ ಕಾಲೇಜಿಗೆ ಬೇರೆಯೇ ಅರ್ಜಿ. ವರ್ಷಕ್ಕೆ ಮೂವತ್ತೇ ಮಕ್ಕಳು, ಮೊದಲ ವರ್ಷದಿಂದಲೇ ಸಂಶೋಧನೆ, ಹೆಸರು ಹಿಡಿದು ಕರೆಯುವ ಅಧ್ಯಾಪಕರು. ಶ್ರೀಯಾ ಪ್ರಬಂಧವನ್ನು ಮೂರು ಸಲ ತಿದ್ದಿ ಬರೆದಿದ್ದಳು. ಒಂದು ಸಂಜೆ ಕಾಲೇಜಿನ ಪರಿಚಯದ ವಿಡಿಯೋ ನೋಡಲು ಕೂತವಳು ಫಟ್ಟನೆ ಲ್ಯಾಪ್‌ಟಾಪ್ ಮುಚ್ಚಿ ಎದ್ದಳು.

"ನಾನು ಅಪ್ಲೈ ಮಾಡುದಿಲ್ಲ."

"ಎಂತದು? ಯಾಕೆ?"

"ನಾಟ್ ವರ್ತ್ ಇಟ್ ಲಾ, ಅಮ್ಮ."

ಅಷ್ಟೇ. ಆಮೇಲೆ ಅಪ್ಪನ ಫೋನ್ ಬಂದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಅಪ್ಪ ಜಯಕರ ಮೆಲಾಕಾದ ಒಂದು ಮೆಡಿಕಲ್ ಕಾಲೇಜಿನಲ್ಲಿ ಲೆಕ್ಚರರ್. ಮೊದಲೆಲ್ಲ ಶುಕ್ರವಾರ ಸಂಜೆ ಮನೆಗೆ ಬರುತ್ತಿದ್ದ. ರಾಜ್ಯದಿಂದ ರಾಜ್ಯಕ್ಕೆ ಓಡಾಟ ನಿಂತ ಮೇಲೆ, ಆರು ತಿಂಗಳಿಂದ ಅಲ್ಲಿಯ ಕ್ವಾರ್ಟರ್ಸಿನಲ್ಲೇ ಒಬ್ಬನೇ. ಮಗಳಿಗೆ ನಾಲ್ಕು ಬುದ್ಧಿಮಾತು ಹೇಳಿ ಎಂದು ದೇವಕಿ ಫೋನ್ ಮಾಡಿದರೆ ಅವನದು ಬೇರೆಯೇ ರಾಗ.

"ಬಿಡು ಮಾರಾಯ್ತಿ. ಆನರ್ಸ್ ಅಂತೆ, ಆನರ್ಸ್! ಹೆಸರಿಗೆ ಮಾತ್ರ ಅದು. ನಾನು ಮೊದಲೇ ಬೇಡ ಹೇಳ್ಲಿಲ್ವಾ?"

"ನಿಮಗೆ ಹೇಗೆ ಗೊತ್ತು?"

"ಅಲ್ಲಿಯ ಡೈರೆಕ್ಟರ್ ಮಹಾ ಸ್ಟ್ರಿಕ್ಟ್ ಅಂತೆ. ಪಾಪದ ಹುಡುಗಿ, ಸುಮ್ಮನೆ ಯಾಕೆ?"

"ವಿಡಿಯೋ ಕಾಲ್ ಮಾಡಿ. ಮುಖ ನೋಡಿ ಮಾತಾಡುವ."

"ನೆಟ್‌ವರ್ಕ್ ಇಲ್ಲ ಇಲ್ಲಿ. ನಿಂದು ಊಟ ಆಯ್ತಾ?"

ಊಟ ಆಯ್ತಾ! ದೇವಕಿಗೆ ಮೈಯೆಲ್ಲ ಉರಿದಿತ್ತು. ಎಂ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಬಂದವಳು, ಗಂಡನ ವೀಸಾದ ಬಾಲ ಹಿಡಿದು ಈ ದೇಶಕ್ಕೆ ಬಂದು ಹದಿನೇಳು ವರ್ಷ ಒಲೆ ಕಾದಿದ್ದಳು. ಮಾರ್ಚಿನಲ್ಲಿ ಅವನು, ಬೆನ್ನ ಹಿಂದಿನ ಕಿಟಕಿಯಿಂದ ಬಿಸಿಲು ಹೊಡೆದು ಆನ್‌ಲೈನ್ ಕ್ಲಾಸಿನಲ್ಲಿ ತನ್ನ ಮುಖವೇ ಕಾಣುವುದಿಲ್ಲವೆಂದು ಗೊಣಗಿದ್ದ. ಇವಳು ತನ್ನ ಹಸಿರು ಉಡುಪಿ ಸೀರೆಯನ್ನೇ ಕತ್ತರಿಸಿ ಪರದೆ ಹೊಲಿದು ಕಳಿಸಿದ್ದಳು. ಸವೆದ ಭಾಗ ತೆಗೆದ ಮೇಲೆ ಉದ್ದ ಸಾಲದೆ, ಕೆಳಗೆ ಕೆಂಪು ಪಟ್ಟಿ ಜೋಡಿಸಬೇಕಾಯಿತು. ಬಟ್ಟೆ ಹಿಡಿದು ಕೂತಿದ್ದ ಶ್ರೀಯಾ "ಅಮ್ಮ, ಸೊಟ್ಟ ಹೋಗ್ತಾ ಉಂಟು! ಪಪ್ಪ ವಿಲ್ ಲಾಫ್!" ಎಂದು ಬಿದ್ದು ಬಿದ್ದು ನಕ್ಕಿದ್ದಳು. ಅಂಥ ಗಂಡನಿಗೆ ಈಗ ಮಗಳ ಓದಿನ ಮಾತಿಗೆ ಐದು ನಿಮಿಷ ಪುರುಸೊತ್ತಿಲ್ಲ.

ಇವತ್ತು ಬೆಳಗ್ಗೆಯೂ ಜಗಳವಾಗಿತ್ತು.

"ಯಾರ ಮೇಲಿನ ಕೋಪ ಇದು? ನನ್ನ ಮೇಲಾ?"

"ನಿನ್ನ ಮೇಲಲ್ಲ."

"ನೀನು ಹಾಕದಿದ್ರೆ ನಾನೇ ಹಾಕ್ತೇನೆ ಅರ್ಜಿ."

ಶ್ರೀಯಾ ತಟ್ಟೆ ತಳ್ಳಿ ಎದ್ದಿದ್ದಳು. "ನೀನು ಅದನ್ನ ಓಪನ್ ಮಾಡ್ಬೇಡ. ಪ್ರಾಮಿಸ್ ಮಾಡಮ್ಮ. ಪ್ಲೀಸ್."

ದೇವಕಿ ಮಾತು ಕೊಟ್ಟಿರಲಿಲ್ಲ. ತನ್ನ ಹಾಗೆ ಇನ್ನೊಬ್ಬಳು ಅಡುಗೆಮನೆಯಲ್ಲಿ ಮುಗಿದುಹೋಗಲು ಅವಳು ಬಿಡುವವಳಲ್ಲ.

ಅರ್ಜಿ ತುಂಬಿಯೇ ಇತ್ತು. ಪ್ರಬಂಧವೂ ಅಲ್ಲೇ ಇತ್ತು. ಆದರೆ ಸಲ್ಲಿಸುವ ಗುಂಡಿ ಒತ್ತಿದರೆ ಒಪ್ಪಲೊಲ್ಲದು. ಕೆಳಗೆ ಸಣ್ಣ ಅಕ್ಷರಗಳಲ್ಲಿ ಬರೆದಿತ್ತು: ಪರಿಚಯದ ವಿಡಿಯೋ ಪೂರ್ತಿ ನೋಡಿದ ಮೇಲೆ ಮಾತ್ರ ಅರ್ಜಿ ಸ್ವೀಕರಿಸಲಾಗುವುದು. ಶ್ರೀಯಾ ನೋಡಿದ್ದು ಇಪ್ಪತ್ತೈದರಲ್ಲಿ ಹನ್ನೊಂದು ನಿಮಿಷ.

ಹನ್ನೊಂದೇ! ಅರ್ಧವನ್ನೂ ನೋಡದೆ ವರ್ತ್ ಇಲ್ಲವಂತೆ. ದೇವಕಿ ಹಲ್ಲು ಕಚ್ಚಿ, ತಪ್ಪಾಗದಿರಲೆಂದು ಮೊದಲಿನಿಂದಲೇ ಹಚ್ಚಿದಳು.

ಆನರ್ಸ್ ಕಾಲೇಜಿನ ಡೈರೆಕ್ಟರ್ ಡಾ. ವಂದನಾ ಮನೆಯಿಂದಲೇ ಮಾತಾಡುತ್ತಿದ್ದರು. ನಲವತ್ತರ ಆಸುಪಾಸು, ಹತ್ತಿಯ ಕುರ್ತಾ, ಸ್ಪಷ್ಟವಾದ ದನಿ. ಸ್ಟ್ರಿಕ್ಟ್ ಅಂತೆ! ಎಷ್ಟು ಹಿತವಾಗಿ ನಗುತ್ತಾರೆ. ಕಲಿಯುವ ಹಸಿವು ಇರುವವರು ಬನ್ನಿ, ನಿಮ್ಮನ್ನು ನಮ್ಮ ಮನೆಯವರಂತೆಯೇ ನೋಡಿಕೊಳ್ಳುತ್ತೇವೆ ಎಂದರು. ದೇವಕಿಯ ಕಣ್ಣು ತುಂಬಿತು. ಇಂಥವರ ಕೈಗೆ ಮಗಳನ್ನು ಒಪ್ಪಿಸಿದರೆ ಸಾಕು, ತಾನು ಕಳೆದುಕೊಂಡದ್ದೆಲ್ಲ ಅವಳಿಗೆ ಸಿಗುತ್ತದೆ.

ಹೊರಗೆ ಲಿಫ್ಟ್ ಬಂದು ನಿಂತ ಸದ್ದಾಯಿತು. ಇಷ್ಟು ಬೇಗ! ಬಾಗಿಲಿನ ಬೀಗದಲ್ಲಿ ಕೀಲಿ ತಿರುಗಿತು.

"ಅಮ್ಮ? ಅಮ್ಮ, ನೋ! ಆಫ್ ಮಾಡು!"

ದೇವಕಿ ತಿರುಗಿ ನೋಡಲಿಲ್ಲ. ಹತ್ತು ನಿಮಿಷ ಐವತ್ತು ಸೆಕೆಂಡು. ತೆರೆಯ ಮೇಲೆ ಡಾ. ವಂದನಾ ಮಾತು ನಿಲ್ಲಿಸಿ ತಮ್ಮ ಲ್ಯಾಪ್‌ಟಾಪಿನತ್ತ ಬಗ್ಗಿ ನೋಡಿದರು.

"ಕ್ಷಮಿಸಿ, ಈ ಹೊತ್ತಿಗೆ ಹಿಂದಿನಿಂದ ಬಿಸಿಲು. ನನ್ನ ಮುಖ ನಿಮಗೆ ಕಾಣುತ್ತಿಲ್ಲ ಅಲ್ಲವೇ?" ನಗುತ್ತ ಎದ್ದು ಹೋಗಿ, ಕಿಟಕಿಯ ಪರದೆ ಎಳೆದರು.

ಹಸಿರು ಪರದೆ. ಕೆಳಗೆ ಕೆಂಪು ಪಟ್ಟಿ, ಎಡಕ್ಕೆ ಹೋಗುತ್ತ ಹೋಗುತ್ತ ಸೊಟ್ಟ.